ಹಿತ್ತಿಲಿಲ್ಲದ ಮನೆಗೆ ಬರುವ ಅತಿಥಿಗಳು

ಮನೆಯೊಂದು ವಸ್ತುಸಂಗ್ರಹಾಲಯವಾಗುವುದೆಂದರೆ ಅದಕ್ಕೆ ಇದ್ದಕ್ಕಿದ್ದಂತೆ ಸಾವಿರಾರು ನೆಂಟರು ಹುಟ್ಟಿಕೊಂಡಂತೆ. ಅವರು ಕಾರು ನಿಲ್ಲಿಸಬೇಕು, ಟಿಕೆಟ್ ಕೊಳ್ಳಬೇಕು, ಕೈಚೀಲ ಇಡಬೇಕು, ಶೌಚಾಲಯಕ್ಕೆ ಹೋಗಬೇಕು, ಮಳೆ ಬಂದರೆ ಸೂರಿನಡಿ ನಿಲ್ಲಬೇಕು. ಅವರಲ್ಲಿ ಕೆಲವರು ಊರುಗೋಲು ಹಿಡಿದು ಬಂದಿರುತ್ತಾರೆ, ಕೆಲವರು ಗಾಲಿಕುರ್ಚಿಯಲ್ಲಿ, ಮತ್ತೆ ಕೆಲವರು ಕೈಗೂಸಿನೊಂದಿಗೆ. ಒಂದು ಕುಟುಂಬದ ವಾಸಕ್ಕೆಂದು ಕಟ್ಟಿದ ಮನೆ ಇದಾವುದನ್ನೂ ನಿರೀಕ್ಷಿಸಿರುವುದಿಲ್ಲ.

ಅರಮನೆ, ವಾಡೆ, ತೊಟ್ಟಿಮನೆಗಳಾದರೆ ಈ ನೆಂಟರನ್ನು ಹೇಗೋ ನಿಭಾಯಿಸುತ್ತವೆ. ಅವುಗಳಿಗೆ ಜಗಲಿ, ಪಡಸಾಲೆಗಳಿರುವಂತೆ ಹಿತ್ತಿಲೂ ಇರುತ್ತದೆ. ಕುದುರೆ ಲಾಯದಲ್ಲಿ ಟಿಕೆಟ್ ಕಿಂಡಿ ತೆರೆಯಬಹುದು, ಕೊಟ್ಟಿಗೆಯ ಮಗ್ಗುಲಲ್ಲಿ ಶೌಚಾಲಯ ಕಟ್ಟಬಹುದು, ಬಚ್ಚಲ ಕಡೆಯ ಬಾಗಿಲಿಗೆ ಗಾಲಿಕುರ್ಚಿಯ ಇಳಿಜಾರು ಹಾಕಿಸಬಹುದು. ಮುಂಭಾಗದಿಂದ ಛಾಯಾಚಿತ್ರ ತೆಗೆಯುವವರಿಗೆ ಇದಾವುದೂ ಕಾಣುವುದಿಲ್ಲ. 20ನೇ ಶತಮಾನದ ಆಧುನಿಕ ವಾಸ್ತುಶಿಲ್ಪಿಗಳು ಕಟ್ಟಿದ ಪ್ರಸಿದ್ಧ ಮನೆಗಳ ಕಷ್ಟವೇ ಬೇರೆ. ಅವರು ಅಲಂಕಾರವನ್ನು ಕಿತ್ತೊಗೆದರು, ಗೋಡೆಗಳನ್ನು ಗಾಜಾಗಿಸಿದರು, ಒಂದು ಮೊಳೆಯೂ ಹೆಚ್ಚಾಗದಂತೆ ರೂಪವನ್ನು ಬಿಗಿಗೊಳಿಸಿದರು. ಆ ಮನೆಗಳಿಗೆ ನಾಲ್ಕೂ ದಿಕ್ಕು ಮುಂಭಾಗವೇ. ಮರೆಮಾಡಲು ಜಾಗವೇ ಇಲ್ಲದ ಕಡೆ ಕೈಹಿಡಿ ಕಂಬಿಯೊಂದನ್ನು ನೆಟ್ಟರೂ ಅದು ಕಣ್ಣಿಗೆ ಬಡಿಯುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದ ಪ್ಲೇನೋ ಎಂಬ ಪುಟ್ಟ ಊರಿನ ಬಳಿ, ಫಾಕ್ಸ್ ನದಿಯ ದಡದಲ್ಲಿರುವ ಗಾಜಿನ ಮನೆ ಈ ಇಕ್ಕಟ್ಟಿಗೆ ಅತ್ಯುತ್ತಮ ನಿದರ್ಶನ. ಷಿಕಾಗೋದ ಮೂತ್ರಪಿಂಡ ತಜ್ಞೆ ಡಾ. ಈಡಿತ್ ಫಾರ್ನ್ಸ್‌ವರ್ತ್ ತಮ್ಮ ವಾರಾಂತ್ಯದ ವಿಶ್ರಾಂತಿಗಾಗಿ ಜರ್ಮನ್ ಮೂಲದ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರಿಂದ ಇದನ್ನು ಕಟ್ಟಿಸಿದರು. ಕೆಲಸ ಮುಗಿದದ್ದು 1951ರಲ್ಲಿ. ಬಿಳಿ ಬಣ್ಣ ಬಳಿದ ಎಂಟು ಉಕ್ಕಿನ ಕಂಬಗಳು, ಅವುಗಳ ನಡುವೆ ತೇಲುತ್ತಿರುವಂತೆ ಕಾಣುವ ಒಂದು ನೆಲ, ಒಂದು ಸೂರು, ಸುತ್ತ ಗಾಜು. ನೆಲಕ್ಕೆಲ್ಲ ಟ್ರ್ಯಾವರ್ಟೀನ್ ಎಂಬ ಸುಣ್ಣಶಿಲೆ. ಒಳಗೆ ಒಂದೇ ಕೋಣೆ. ಸ್ನಾನಗೃಹ, ಅಡುಗೆ ಕಟ್ಟೆ, ಅಗ್ಗಿಷ್ಟಿಕೆಗಳೆಲ್ಲ ನಡುವಿನ ಒಂದು ಮರದ ಗೂಡಿನಲ್ಲಿ ಅಡಗಿವೆ. ಮನೆಯ ಉದ್ದ 77 ಅಡಿ. ನದಿಯ ನೆರೆಯಿಂದ ಪಾರಾಗಲೆಂದು ನೆಲವನ್ನು ಭೂಮಿಯಿಂದ ಐದೂಕಾಲು ಅಡಿ, ಅಂದರೆ ಸುಮಾರು 1.6 ಮೀಟರ್ ಮೇಲಕ್ಕೆತ್ತಲಾಗಿದೆ. ಹುಲ್ಲಿನಿಂದ ಅಗಲವಾದ ಮೆಟ್ಟಿಲುಗಳನ್ನೇರಿ ಒಂದು ತೆರೆದ ಜಗಲಿ, ಅಲ್ಲಿಂದ ಮತ್ತಷ್ಟು ಮೆಟ್ಟಿಲು ಹತ್ತಿ ಮುಖಮಂಟಪ. ಹಿಡಿದುಕೊಳ್ಳಲು ಕಂಬಿಯಿಲ್ಲ. ಆ ಏರುವಿಕೆ ಇಲ್ಲದೆ ಈ ಮನೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ.

ಮನೆಯ ಚರಿತ್ರೆ ಮಾತ್ರ ಅದರ ರೂಪದಷ್ಟು ಪ್ರಶಾಂತವಲ್ಲ. ಖರ್ಚಿನ ವಿಚಾರದಲ್ಲಿ ವಾಸ್ತುಶಿಲ್ಪಿಯೂ ಒಡತಿಯೂ ನ್ಯಾಯಾಲಯದ ಮೆಟ್ಟಿಲೇರಿದರು. ನಾಲ್ಕೂ ಕಡೆಯಿಂದ ಕಾಣುವ ಆ ಮನೆಯಲ್ಲಿ ಬದುಕುವುದರ ಕಿರಿಕಿರಿಯನ್ನು ಡಾ. ಫಾರ್ನ್ಸ್‌ವರ್ತ್ ಬಹಿರಂಗವಾಗಿಯೇ ಹೇಳಿಕೊಂಡರು. 1972ರಲ್ಲಿ ಅದು ಲಂಡನ್ನಿನ ಪೀಟರ್ ಪಲುಂಬೊ ಅವರ ಕೈಸೇರಿತು. 2003ರ ಡಿಸೆಂಬರ್‌ನಲ್ಲಿ ಹರಾಜಿಗೆ ಬಂದಾಗ, ಯಾರಾದರೂ ಕೊಂಡು ಬಿಚ್ಚಿ ಬೇರೆಡೆಗೆ ಸಾಗಿಸಿಬಿಟ್ಟಾರೆಂಬ ಭಯದಿಂದ ಅಮೆರಿಕದ ರಾಷ್ಟ್ರೀಯ ಪರಂಪರಾ ಟ್ರಸ್ಟ್ ಹಾಗೂ ಇಲಿನಾಯ್‌ನ ಸಂರಕ್ಷಣಾ ಸಂಸ್ಥೆ ಒಟ್ಟುಗೂಡಿ 75 ಲಕ್ಷ ಡಾಲರ್ ತೆತ್ತು ಉಳಿಸಿಕೊಂಡವು. 2004ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. 2021ರಲ್ಲಿ ಹೆಸರನ್ನು 'ಈಡಿತ್ ಫಾರ್ನ್ಸ್‌ವರ್ತ್ ಮನೆ' ಎಂದು ಬದಲಿಸಿ, ವಾಸ್ತುಶಿಲ್ಪಿಯ ಹೆಸರಿನ ನೆರಳಲ್ಲಿ ಮರೆಯಾಗಿದ್ದ ಆ ಹೆಂಗಸಿಗೆ ಸಲ್ಲಬೇಕಾದ ಗೌರವವನ್ನು ತಡವಾಗಿಯಾದರೂ ಸಲ್ಲಿಸಲಾಯಿತು.

ಸಾರ್ವಜನಿಕರಿಗೆ ತೆರೆದಿದೆ ಎಂದಾಗ ಯಾವ ಸಾರ್ವಜನಿಕರು ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾಗಿರುವ ಅಳತೆ 1:12. ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ ಬೇಕು. 1.6 ಮೀಟರ್ ಏರಲು ಬೇಕಾಗುವುದು ಹತ್ತೊಂಬತ್ತು ಮೀಟರಿಗೂ ಹೆಚ್ಚು. ಅಮೆರಿಕದ ನಿಯಮದ ಪ್ರಕಾರ ಪ್ರತಿ 76 ಸೆಂಟಿಮೀಟರ್ ಏರಿದ ಮೇಲೆ ದಣಿವಾರಿಸಿಕೊಳ್ಳಲು ಒಂದೂವರೆ ಮೀಟರಿನ ಸಮತಟ್ಟು ಇರಬೇಕು. ಅಂಥವು ಎರಡು ಸೇರಿದರೆ ಒಟ್ಟು 22 ಮೀಟರ್. ಮನೆಯ ಉದ್ದವೇ ಇಪ್ಪತ್ತಮೂರೂವರೆ ಮೀಟರ್! ಜೊತೆಗೆ ಎರಡೂ ಬದಿಗೆ ಕಂಬಿ ಇರಲೇಬೇಕು. ಅಂದರೆ ಮನೆಯ ಪಕ್ಕದಲ್ಲಿ ಹೆಚ್ಚುಕಡಿಮೆ ಮನೆಯಷ್ಟೇ ಉದ್ದದ ಮತ್ತೊಂದು ಕಟ್ಟಡವನ್ನು ನಿಲ್ಲಿಸಿದಂತಾಯಿತು. ಯಾವ ನಿರಾಭರಣ ಸೌಂದರ್ಯವನ್ನು ನೋಡಲು ಜನ ಬರುತ್ತಾರೋ ಅದನ್ನೇ ಆ ಇಳಿಜಾರು ಮುಚ್ಚಿಬಿಡುತ್ತದೆ. ಸಂರಕ್ಷಣಾವಾದಿಗಳ ಆತಂಕವನ್ನು ಹಠಮಾರಿತನವೆಂದು ತಳ್ಳಿಹಾಕುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಆದರೆ ಇದೇ ಮನೆಯ ಇನ್ನೊಂದು ಕಥೆಯೂ ಇದೆ. ಐದೂಕಾಲು ಅಡಿ ಎತ್ತರ ಸಾಕೆಂದು ಮೀಸ್ ಎಣಿಸಿದ್ದು ಸುಳ್ಳಾಯಿತು. ಮನೆ ಮುಗಿದ ಮೂರೇ ವರ್ಷಕ್ಕೆ, 1954ರಲ್ಲಿ ನೆರೆನೀರು ಒಳಹೊಕ್ಕಿತು. 1996ರಲ್ಲಿ ಕೋಣೆಯೊಳಗೆ ಸುಮಾರು ಐದು ಅಡಿ ನೀರು ನಿಂತು ಗಾಜು ಒಡೆಯಿತು, ಮರದ ಕೆಲಸ ಹಾಳಾಯಿತು. 2008ರಲ್ಲಿ ಮತ್ತೆ ಒಂದೂವರೆ ಅಡಿಯಷ್ಟು ನೀರು. ಈ ಕಾಟಕ್ಕೆ ಪರಿಹಾರವಾಗಿ ಕೆಲವು ವರ್ಷಗಳ ಹಿಂದೆ ತಜ್ಞರು ಗಂಭೀರವಾಗಿ ಚರ್ಚಿಸಿದ ಯೋಜನೆಗಳಲ್ಲಿ ಒಂದು ಹೀಗಿತ್ತು: ನೆಲದಡಿಯಲ್ಲಿ ಹೈಡ್ರಾಲಿಕ್ ಜಾಕುಗಳನ್ನು ಹೂತಿಡುವುದು, ನೆರೆ ಬಂದಾಗ ಇಡೀ ಮನೆಯನ್ನೇ ಮೇಲಕ್ಕೆತ್ತುವುದು, ಇಳಿದ ಮೇಲೆ ಮತ್ತೆ ಕೂರಿಸುವುದು. ಉಕ್ಕು, ಕಲ್ಲು, ಗಾಜು ಸೇರಿದ ಆ ಇಡೀ ಭಾರವನ್ನು ಯಾರ ಕಣ್ಣಿಗೂ ಬೀಳದಂತೆ ಎತ್ತುವ ಯಂತ್ರದ ಬಗ್ಗೆ ಯೋಚಿಸಬಲ್ಲವರಿಗೆ, ಕುರ್ಚಿಯಲ್ಲಿ ಕುಳಿತ ಒಬ್ಬ ಮನುಷ್ಯನನ್ನು ಐದು ಅಡಿ ಎತ್ತುವ ಯಂತ್ರದ ಬಗ್ಗೆ ಯೋಚಿಸುವುದು ಅಸಾಧ್ಯವೇ? ಇಳಿಜಾರು ಒಂದೇ ದಾರಿಯಲ್ಲ. ಬೇಕಾದಾಗ ತಂದು ಜಗಲಿಯ ಅಂಚಿಗೆ ನಿಲ್ಲಿಸಿ, ಬೇಡವಾದಾಗ ಒಯ್ಯಬಹುದಾದ ಎತ್ತುವ ಕಟ್ಟೆಗಳಿವೆ. ಕಲ್ಲಿಗೆ ಒಂದು ತೂತು ಕೊರೆಯದೆ ಕೆಲಸ ಮುಗಿಯುತ್ತದೆ. ಅಂಥದ್ದು ಕಣ್ಣಿಗೆ ಕಂಡರೂ ನಷ್ಟವೇನಿಲ್ಲ. ಅದು ಇಂದಿನ ಕಾಲದ್ದು ಎಂದು ನೋಡುವವರಿಗೆ ಗೊತ್ತಾಗುವುದೇ ಒಳ್ಳೆಯದು. ಮನೆಯ ಮೂಲರೂಪವನ್ನು ಅನುಕರಿಸಿ, ಇದೂ ಮೀಸ್ ಕಟ್ಟಿದ್ದೇ ಇರಬೇಕು ಎಂದು ಭ್ರಮೆ ಹುಟ್ಟಿಸುವ ಇಳಿಜಾರುಗಳು ನನ್ನ ಮಟ್ಟಿಗೆ ಹೆಚ್ಚು ಅಪಾಯಕಾರಿ.

ಮನೆಯ ಹೊಸ್ತಿಲ ಪ್ರಶ್ನೆ ಇದಾದರೆ, ಹೊಸ್ತಿಲಿಗೆ ಮುಟ್ಟುವ ಮುನ್ನಿನ ಪ್ರಶ್ನೆ ಇನ್ನೊಂದು: ಉಳಿದೆಲ್ಲ ಸೌಕರ್ಯಗಳನ್ನು ಎಲ್ಲಿ ಇಡುವುದು? ಬೇರೆ ಬೇರೆ ಮನೆಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್‌ನಲ್ಲಿ ಫಿಲಿಪ್ ಜಾನ್ಸನ್ 1949ರಲ್ಲಿ ಕಟ್ಟಿಕೊಂಡ 'ಗ್ಲಾಸ್ ಹೌಸ್' 2007ರಲ್ಲಿ ಸಾರ್ವಜನಿಕರಿಗೆ ತೆರೆದಾಗ, ಅದರ ಸಂದರ್ಶಕರ ಕೇಂದ್ರವನ್ನು ಮನೆಯ ಹತ್ತಿರವೆಲ್ಲೂ ಕಟ್ಟಲಿಲ್ಲ. ಊರೊಳಗೆ, ರೈಲು ನಿಲ್ದಾಣದ ಎದುರಿಗೆ ಇಟ್ಟರು. ಅಲ್ಲಿಂದ ಸಣ್ಣ ಗುಂಪುಗಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ವಸತಿ ಪ್ರದೇಶದ ನೆಮ್ಮದಿಯೂ ಉಳಿಯಿತು, ಹುಲ್ಲುಗಾವಲಿನ ಮೇಲೆ ಕಾರು ನಿಲ್ದಾಣವೂ ಬರಲಿಲ್ಲ. ರೈಲಿನಲ್ಲಿ ಬರುವವನಿಗೆ ಕಾರಿನವನಷ್ಟೇ ಮರ್ಯಾದೆ ಸಿಕ್ಕಿತೆಂಬುದು ಇದರ ಇನ್ನೊಂದು ಗುಣ.

ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಜಲಪಾತದ ಮೇಲೆಯೇ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ 'ಫಾಲಿಂಗ್‌ವಾಟರ್' ಮನೆಗೆ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. 1964ರಲ್ಲೇ ಸಂದರ್ಶಕರಿಗೆ ತೆರೆದ ಈ ಮನೆಯ ಸ್ವಾಗತ ಮಂಟಪವನ್ನು ಪಾಲ್ ಮಯೆನ್ ವಿನ್ಯಾಸಗೊಳಿಸಿದರು. ಅದು ಪೂರ್ಣಗೊಂಡದ್ದು 1981ರಲ್ಲಿ. ಮರ ಮತ್ತು ಗಾಜಿನ, ಗಾಳಿಗೆ ತೆರೆದ ಆ ಮಂಟಪ ಕಾಡಿನ ನಡುವೆ ತಲೆತಗ್ಗಿಸಿ ನಿಂತಿದೆ. ಮನೆ ಅಲ್ಲಿಂದ ಕಾಣುವುದಿಲ್ಲ. ಟಿಕೆಟ್, ತಿಂಡಿ, ಅಂಗಡಿಯ ಗದ್ದಲವನ್ನೆಲ್ಲ ಅಲ್ಲೇ ಬಿಟ್ಟು ಮರಗಳ ನಡುವೆ ಇಳಿದುಹೋಗುವಾಗ ಮೊದಲು ನೀರಿನ ಸದ್ದು ಕೇಳಿಸುತ್ತದೆ, ಆಮೇಲೆ ಮನೆ ಕಾಣಿಸುತ್ತದೆ. ದೇವಸ್ಥಾನದ ಗೋಪುರ ದಾಟಿ ಪ್ರಾಕಾರಗಳ ಮೂಲಕ ಗರ್ಭಗುಡಿಯತ್ತ ನಡೆಯುವ ನಮ್ಮ ಜನರಿಗೆ ಈ ಕ್ರಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಇಂಥ ದೂರದ ಸೌಲಭ್ಯವಿರಲಿಲ್ಲ. ರೈಟ್ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಮಾರ್ಟಿನ್ ಮನೆ ನಗರದ ಬೀದಿಯಲ್ಲಿದೆ. ಅದರ ಪಕ್ಕದಲ್ಲೇ 2009ರಲ್ಲಿ ವಾಸ್ತುಶಿಲ್ಪಿ ತೋಶಿಕೊ ಮೋರಿ ಒಂದು ಗಾಜಿನ ಮಂಟಪ ಕಟ್ಟಿದರು. ರೈಟ್‌ನ ಸೂರು ಹೊರಕ್ಕೆ ಇಳಿಜಾರಾದರೆ ಮೋರಿಯವರದು ಅದನ್ನು ಮಗುಚಿಟ್ಟಂತೆ ಒಳಕ್ಕೆ ಇಳಿಯುತ್ತದೆ. ಹಳೆಯದನ್ನು ಅಣಕಿಸದೆ, ಅದಕ್ಕೆ ಅಡಿಯಾಳೂ ಆಗದೆ, ಪಕ್ಕದಲ್ಲಿ ಕುಳಿತು ಮಾತಾಡುವ ಕಟ್ಟಡ ಅದು. ಹೊಸ ಸೌಕರ್ಯವೆಂದರೆ ಎಲ್ಲೋ ಮೂಲೆಯಲ್ಲಿ ಅವಿತಿರಬೇಕಾದ ಅನಿವಾರ್ಯ ಕೊಳಕು ಎಂದು ತಿಳಿದವರು ಇದನ್ನು ನೋಡಬೇಕು. ಒಳ್ಳೆಯ ವಾಸ್ತುಶಿಲ್ಪಿಗೆ ಕೆಲಸ ಒಪ್ಪಿಸಿದರೆ ಟಿಕೆಟ್ ಕಿಂಡಿಯೂ ಶೌಚಾಲಯವೂ ಸಭ್ಯವಾಗಿರಬಲ್ಲವು.

ದೂರವಿಡುವ ಉಪಾಯಕ್ಕೆ ಒಂದು ಬೆಲೆಯಿದೆ. ಪ್ಲೇನೋದಲ್ಲಿ ಸಂದರ್ಶಕರ ಕೇಂದ್ರದಿಂದ ಮನೆಗೆ ಮರಗಳ ನಡುವೆ ಸುಮಾರು ಅರ್ಧ ಮೈಲಿ ನಡೆಯಬೇಕು. ಮಂಡಿನೋವಿನ ಎಪ್ಪತ್ತರ ವೃದ್ಧೆಗೆ ಆ ಅರ್ಧ ಮೈಲಿ ಮನೆಯ ಮೆಟ್ಟಿಲಿಗಿಂತ ದೊಡ್ಡ ಅಡ್ಡಿ. ಸುತ್ತಲ ನಿಸರ್ಗದ ಮೌನವನ್ನು ಅನುಭವಿಸುತ್ತಾ ಬರಲಿ ಎಂದು ವಿನ್ಯಾಸಕಾರ ಆಸೆಪಡುವುದು ಸಹಜ. ಆದರೆ ಜಲ್ಲಿಕಲ್ಲಿನ ಹಾದಿಯಲ್ಲಿ ಗಾಲಿಕುರ್ಚಿ ತಳ್ಳುವವನಿಗೆ ಕೇಳಿಸುವುದು ಜಲ್ಲಿಯ ಸದ್ದು ಮಾತ್ರ. ಹಾದಿಯ ಮೇಲ್ಮೈ ಗಟ್ಟಿಯಾಗಿ ಸಮವಾಗಿರಬೇಕು, ಅಲ್ಲಲ್ಲಿ ಬೆನ್ನಾನಿಕೆಯಿರುವ ಬೆಂಚು ಇರಬೇಕು, ನಡೆಯಲಾರದವರಿಗೆ ವಾಹನ ಇರಬೇಕು. ಆ ವಾಹನವೂ ಮನೆಯ ಮೊದಲ ನೋಟ ಸಿಗುವ ಜಾಗದಲ್ಲಿ, ನಡೆದು ಬಂದವರು ನಿಲ್ಲುವಲ್ಲಿಯೇ ನಿಲ್ಲಬೇಕು. ಸಾಮಾನು ಸಾಗಿಸುವ ಹಿಂದಿನ ರಸ್ತೆಯಿಂದ ಸುತ್ತಿಸಿ ತಂದಿಳಿಸಿದರೆ ಅವರಿಗೆ ಮನೆ ಸಿಕ್ಕಿತು, ಮನೆಗೆ ಬರುವ ದಾರಿ ಸಿಗಲಿಲ್ಲ ಎಂದಾಗುತ್ತದೆ. ಈ ಮನೆಗಳಲ್ಲಿ ದಾರಿಯೂ ವಾಸ್ತುಶಿಲ್ಪದ ಒಂದು ಭಾಗವಷ್ಟೆ.

ಅಮೆರಿಕದಲ್ಲಿ 1990ರಲ್ಲಿ ಬಂದ ಅಂಗವಿಕಲರ ಕಾಯ್ದೆ ಐತಿಹಾಸಿಕ ಕಟ್ಟಡಗಳಿಗೆ ಪೂರ್ತಿ ವಿನಾಯಿತಿ ಕೊಟ್ಟಿಲ್ಲ. ಬದಲಾವಣೆಯಿಂದ ಕಟ್ಟಡದ ಐತಿಹಾಸಿಕ ಮಹತ್ವಕ್ಕೇ ಧಕ್ಕೆ ಬರುವುದಾದರೆ ಮಾತ್ರ ಬದಲಿ ವ್ಯವಸ್ಥೆಗೆ ಅವಕಾಶವಿದೆ. ಮೇಲೇರಲಾರದವರಿಗೆ ಆ ಭಾಗವನ್ನು ಚಲನಚಿತ್ರದ ಮೂಲಕ ತೋರಿಸುವುದು ಅಂಥದ್ದೊಂದು. ಕಿರಿದಾದ ಕಲ್ಲಿನ ಮೆಟ್ಟಿಲುಗಳ ಮಹಡಿಗಳಿಗೆ ಇದು ಕೊನೆಯ ಉಪಾಯವಾಗಿ ಒಪ್ಪುವಂಥದ್ದೇ. ತೊಂದರೆಯೆಂದರೆ ಕೊನೆಯ ಉಪಾಯ ಬಹುಬೇಗ ಮೊದಲ ಉಪಾಯವಾಗಿಬಿಡುತ್ತದೆ. ಇತ್ತೀಚೆಗೆ ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ಸಾಧನಗಳು ಬಂದ ಮೇಲಂತೂ, ಅವನ್ನು ಕೊಟ್ಟು ಕೂರಿಸಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ಬೆಳೆಯುತ್ತಿದೆ. ಗಾಜಿನಾಚೆ ಮಳೆ ಸುರಿಯುವಾಗ ಆ ಕೋಣೆಯಲ್ಲಿ ಕುಳಿತಿರುವ ಅನುಭವ ಪರದೆಯ ಮೇಲೆ ಸಿಗುವುದಾದರೆ ಮನೆಯನ್ನು ಅಷ್ಟು ಕಷ್ಟಪಟ್ಟು ಉಳಿಸುವ ಅಗತ್ಯವಾದರೂ ಏನಿತ್ತು?

ಈ ಸಮಸ್ಯೆಯ ಬೇರು ಆಧುನಿಕ ವಾಸ್ತುಶಿಲ್ಪದ ಒಳಗೇ ಇದೆ. ಎಲ್ಲರಿಗೂ ಬೆಳಕು, ಎಲ್ಲರಿಗೂ ಗಾಳಿ, ಎಲ್ಲರಿಗೂ ಆರೋಗ್ಯ ಎಂದು ಸಾರಿದ ಚಳವಳಿ ಅದು. ಆದರೆ ಆ 'ಎಲ್ಲರೂ' ಯಾರು? ಲ ಕಾರ್ಬೂಸಿಯೇ ತಮ್ಮ 'ಮಾಡ್ಯುಲರ್' ಎಂಬ ಅಳತೆಕೋಲಿಗೆ ಆಧಾರವಾಗಿಟ್ಟುಕೊಂಡ ಮಾನವ ಆರಡಿ ಎತ್ತರದ, ಕೈಯೆತ್ತಿ ನೆಟ್ಟಗೆ ನಿಂತ ಗಂಡಸು. ವಿಚಿತ್ರವೆಂದರೆ ಜಗತ್ತಿನ ಅತ್ಯಂತ ಪ್ರಸಿದ್ಧ ಇಳಿಜಾರುಗಳಲ್ಲಿ ಒಂದನ್ನು ಕಟ್ಟಿದವರೂ ಅವರೇ. ಪ್ಯಾರಿಸ್ ಬಳಿಯ ಪ್ವಾಸಿಯಲ್ಲಿ 1931ರಲ್ಲಿ ಮುಗಿದ ವಿಲ್ಲಾ ಸಾವ್ವಾದಲ್ಲಿ ನೆಲದಿಂದ ಮಹಡಿಗೆ, ಮಹಡಿಯಿಂದ ತಾರಸಿಗೆ ಇಳಿಜಾರಿನಲ್ಲೇ ನಡೆದುಹೋಗಬಹುದು. ಆದರೆ ಅದು 1:12 ಅಳತೆಗಿಂತ ಬಹಳ ಕಡಿದು. ನಡೆಯುವವರ ಕಣ್ಣಿಗೆ ಹಬ್ಬವಾದ ಆ ಏರು, ಗಾಲಿಕುರ್ಚಿಯವರು ಒಬ್ಬರೇ ಹತ್ತುವಂಥದ್ದಲ್ಲ.

ಹಾಗಾದರೆ ಆ ಕಾಲವೇ ಹಾಗಿತ್ತು, ಯಾರಿಗೂ ಹೊಳೆಯಲಿಲ್ಲ ಎನ್ನೋಣವೇ? ಎನ್ನುವಂತಿಲ್ಲ. ಫಾರ್ನ್ಸ್‌ವರ್ತ್ ಮನೆಯಿಂದ ನೇರ ಗೆರೆ ಎಳೆದರೆ ನೂರು ಕಿ.ಮೀ. ಕೂಡ ಆಗದಷ್ಟು ಹತ್ತಿರ, ಅದೇ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ನಗರದಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಮನೆ ಎದ್ದಿತು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ್ದ ಕೆನೆತ್ ಲಾರೆಂಟ್ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯ ನಂತರ ಕಾಲುಗಳ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದಿದ್ದರು. ಅವರು ಫ್ರಾಂಕ್ ಲಾಯ್ಡ್ ರೈಟ್‌ಗೆ ಪತ್ರ ಬರೆದು ತಮಗೊಂದು ಮನೆ ಬೇಕೆಂದರು. ಎಂಬತ್ತು ದಾಟಿದ್ದ ರೈಟ್ 1949ರಲ್ಲಿ ನಕ್ಷೆ ಮಾಡಿಕೊಟ್ಟರು. 1952ರಲ್ಲಿ ಲಾರೆಂಟ್ ದಂಪತಿ ಗೃಹಪ್ರವೇಶ ಮಾಡಿದರು. ಬಿಲ್ಲಿನಂತೆ ಬಾಗಿದ, ಒಂದೇ ಅಂತಸ್ತಿನ ಮನೆ. ಮೆಟ್ಟಿಲಿಲ್ಲ, ಎಡವುವ ಹೊಸ್ತಿಲಿಲ್ಲ. ಬಾಗಿಲುಗಳು ಅಗಲ, ಕುರ್ಚಿ ಹೊರಳಲು ಜಾಗ ಧಾರಾಳ, ಮೇಜುಗಳಡಿ ಮಂಡಿಗೆ ಎಡೆ, ಕುಳಿತಲ್ಲಿಂದಲೇ ಕೈಗೆಟಕುವ ದೀಪದ ಸ್ವಿಚ್ಚು. ಉದ್ದಕ್ಕೂ ಚಾಚಿದ ಗಾಜಿನ ಗೋಡೆಯಾಚೆಯ ತೋಟ ಕುಳಿತವರ ಕಣ್ಣಿಗೇ ಚೆನ್ನಾಗಿ ಒದಗುತ್ತದೆ. ಅಮೆರಿಕದ ಕಾಯ್ದೆ ಬರುವುದಕ್ಕೆ ನಾಲ್ಕು ದಶಕ ಮುಂಚಿನ ಮಾತಿದು.

ಲಾರೆಂಟ್ ದಂಪತಿ ಅಲ್ಲಿ ಸುಮಾರು ಆರು ದಶಕ ಬಾಳಿದರು. 2014ರ ಜೂನ್‌ನಲ್ಲಿ ಆ ಮನೆಯೂ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಗಾಲಿಕುರ್ಚಿಯಲ್ಲಿ ಬಂದ ಸಂದರ್ಶಕನಿಗೆ ಯಾರೂ 'ವಿಶೇಷ ವ್ಯವಸ್ಥೆ' ಮಾಡಬೇಕಾಗಿಲ್ಲ. ಮನೆ ಅವನಿಗಾಗಿಯೇ ಕಟ್ಟಿದ್ದು. ನಡೆದಾಡುವವರೇ ಅಲ್ಲಿ ಕೊಂಚ ಹೊರಗಿನವರು ಎನ್ನಬಹುದೇನೋ! ಒಂದೇ ಸೀಮೆಯ ಈ ಎರಡು ಮನೆಗಳನ್ನು ಜೊತೆಗಿಟ್ಟು ನೋಡಿದಾಗ, ಸೌಂದರ್ಯಕ್ಕೂ ಸುಗಮ್ಯತೆಗೂ ಹುಟ್ಟುವೈರವೆಂಬ ವಾದ ನಿಲ್ಲುವುದಿಲ್ಲ. ರೈಟ್‌ಗೆ ತನ್ನ ಮನೆಯೊಡೆಯ ಯಾರೆಂದು ಮೊದಲೇ ಗೊತ್ತಿತ್ತು, ಅಷ್ಟೇ ವ್ಯತ್ಯಾಸ. ಇಂದು ಯಾವುದೇ ಮನೆಗೆ ಸಂದರ್ಶಕರ ಕೇಂದ್ರ ಕಟ್ಟುವ ವಿನ್ಯಾಸಕಾರನಿಗೂ ತನ್ನ ಅತಿಥಿ ಯಾರೆಂದು ಮೊದಲೇ ಗೊತ್ತಿರುತ್ತದೆ. ನಕ್ಷೆ ಮುಗಿದ ಮೇಲೆ ಇಳಿಜಾರೊಂದನ್ನು ಅಂಟಿಸುವ ಬದಲು ಗಾಲಿಕುರ್ಚಿಯವರ ದಾರಿಯನ್ನೇ ಮೊದಲು ಗೀಚಿ, ಉಳಿದವರೂ ಅದೇ ದಾರಿಯಲ್ಲಿ ಬರಲೆಂದು ಬಿಟ್ಟರೆ, ಪ್ರತ್ಯೇಕ ಬಾಗಿಲಿನ ಮಾತೇ ಏಳುವುದಿಲ್ಲ. ಮೂಲ ಮನೆಯಲ್ಲಿ ಆಗದ್ದನ್ನು ಹೊಸ ಕಟ್ಟಡದಲ್ಲೂ ಮಾಡದಿರುವುದಕ್ಕೆ ಯಾವ ಪರಂಪರೆಯ ನೆಪವೂ ಸಿಗದು.

ನಮ್ಮಲ್ಲೂ ಇಂಥ ಮನೆಗಳು ಒಂದೊಂದಾಗಿ ತೆರೆಯುತ್ತಿವೆ. ಚಂಡೀಗಢದ 5ನೇ ಸೆಕ್ಟರಿನಲ್ಲಿ, ಲ ಕಾರ್ಬೂಸಿಯೇ ಅವರ ದಾಯಾದಿ ಹಾಗೂ ಸಹೋದ್ಯೋಗಿ ಪಿಯರ್ ಜನರೇ 1965ರವರೆಗೆ ವಾಸವಾಗಿದ್ದ, ತಾವೇ ವಿನ್ಯಾಸಗೊಳಿಸಿದ ಮನೆ 2017ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ತೆರೆಯಿತು. 2011ರಲ್ಲಿ ನೆಲಸಮವಾಗುವ ಅಂಚಿಗೆ ಬಂದು ಉಳಿದುಕೊಂಡ ಮನೆಯದು. ಅದು ಮೀಸ್ ಅಥವಾ ರೈಟ್ ಮಾದರಿಯ ಘೋಷಣೆಯ ಕಟ್ಟಡವಲ್ಲ. ಆದರೆ ಆ ಕಾಲದ ಆಧುನಿಕ ಅಭಿರುಚಿಗೆ ಒಳ್ಳೆಯ ಸಾಕ್ಷಿ. ದುಂಡನೆ ಹೊರಚಾಚಿದ, ಕಿಟಕಿಗಳ ಸಾಲಿರುವ ಅದರ ಮಹಡಿಯ ಕೋಣೆಯಲ್ಲಿ ಅವರು ಬರೆಯುತ್ತಿದ್ದರು. ಓದುಗರು ನೋಡಬಯಸುವುದೂ ಆ ಕೋಣೆಯನ್ನೇ. ಮಹಡಿಗೆ ಮೆಟ್ಟಿಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳನ್ನು ಸುಗಮ್ಯವಾಗಿಸಲು ಐದು ವರ್ಷಗಳ ಗಡುವು ಕೊಟ್ಟಿತ್ತು. 2017ರ ನಿಯಮಾವಳಿ ಬಂದ ದಿನದಿಂದ ಲೆಕ್ಕ ಹಾಕಿದರೂ ಅದು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರಿಯ ಸಲಹೆಗಳ ಮಟ್ಟಕ್ಕಿಳಿಸಿದ್ದ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ವಯಸ್ಸಾಗಿ ಮಂಡಿ ಸೋತವರು ಈ ಲೆಕ್ಕದಲ್ಲಿ ಬಹುಪಾಲು ಬರುವುದೇ ಇಲ್ಲ. ನಾರಾಯಣ್ ಅವರನ್ನು ಯೌವನದಲ್ಲಿ ಓದಿದ ತಲೆಮಾರು ಇಂದು ಆ ವಯಸ್ಸಿನದೇ. ಯಾದವಗಿರಿಯಲ್ಲಿ ನೆರೆಯ ಭಯವಿಲ್ಲ, ನಾಲ್ಕೂ ಕಡೆ ಗಾಜಿಲ್ಲ, ಮುಟ್ಟಿದರೆ ಕೆಡುವಂಥ ಟ್ರ್ಯಾವರ್ಟೀನ್ ಜಗಲಿಯೂ ಇಲ್ಲ. ಪ್ಲೇನೋದ ಲೆಕ್ಕಕ್ಕೆ ಹೋಲಿಸಿದರೆ ಕೆಲಸ ಸಣ್ಣದು: ಏರಬೇಕಾದದ್ದು ಒಂದು ಮಹಡಿ, ಬೇಕಾದದ್ದು ಒಂದು ಸಣ್ಣ ಲಿಫ್ಟಿನಷ್ಟು ಜಾಗ, ಮತ್ತು ಅದನ್ನು ಮನೆಯ ಯಾವ ಮಗ್ಗುಲಿಗೆ ನಿಲ್ಲಿಸಿದರೆ ಕಿಟಕಿಗಳ ಆ ಸಾಲಿಗೆ ಅಡ್ಡಬರುವುದಿಲ್ಲವೆಂದು ಹೇಳಬಲ್ಲ ಒಬ್ಬ ಒಳ್ಳೆಯ ವಾಸ್ತುಶಿಲ್ಪಿ.